ಫೆರ್ರಿಯ ಟೈರಿಗೆ ಇಟ್ಟ ನಿಂಬೆಹಣ್ಣು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಎಲ್ಲಿ ಬಿಡಿಸಿ ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಗೊತ್ತಾಗದೆ ಎಲ್ಲವನ್ನೂ ಬಿಡಿಸಿಯೇ ಹೇಳಿದ್ದೇನೆ.

ಐರ್ಲೆಂಡಿನ ಉತ್ತರ ತುದಿಯಲ್ಲಿ, ಡೊನೆಗಲ್ ಕರಾವಳಿಯಾಚೆ, ಇನಿಷ್‌ಡೋರ ಎಂಬ ದ್ವೀಪವಿದೆ. ದ್ವೀಪವೆಂದರೆ ಸುತ್ತಲೂ ನೀರು. ಆದ್ದರಿಂದ ಅಲ್ಲಿಗೊಂದು ಫೆರ್ರಿ ಇದೆ. ಫೆರ್ರಿ ಇರುವುದರಿಂದ ಒಂದು ಕಚೇರಿಯೂ ಇದೆ. ಫೆರ್ರಿ ದಿನವೂ ತಡವಾಗಿ ಹೊರಡುತ್ತಿತ್ತು. ಕಚೇರಿ ಸಮಯಕ್ಕೆ ಸರಿಯಾಗಿ ಮುಚ್ಚುತ್ತಿತ್ತು.

ಈ ವಿಳಂಬ ದಾಖಲಿಸುವ ಸಾಫ್ಟ್‌ವೇರ್ ಅಳವಡಿಸಲು ನಾವಿರುವ ಕ್ಲಾಂಡಾಲ್ಕಿನ್ ಊರಿನಿಂದ ನಮ್ಮ ಪಕ್ಕದ ಮನೆಯ ಚಂದ್ರಶೇಖರ ಹೋದರು. ಫೆರ್ರಿಯಲ್ಲಿ ಟಿಕೆಟ್ ಸ್ಕ್ಯಾನ್ ಆದರೆ ಮನುಷ್ಯ ದಡ ದಾಟಿದ ಎಂದರ್ಥ, ಆಗದಿದ್ದರೆ ದಾಟಿಲ್ಲ. ಮನುಷ್ಯರ ಬಗ್ಗೆ ಅದಕ್ಕೆ ಗೊತ್ತಿರುವುದು ಅಷ್ಟೇ. ಹೊರಡುವಾಗ ತುಂಬು ಗರ್ಭಿಣಿ ಹೆಂಡತಿ ಕಾತ್ಯಾಯಿನಿ ಹೇಳಿದ್ದರು: "ಹೆರಿಗೆ ಹೊತ್ತಿಗೆ ಬರ್ದಿದ್ರೆ ಆಮೇಲೆ ಬರೋದೇ ಬೇಡ."

ಕೆಲಸ ಮುಗಿದ ದಿನ ಆಯುಧಪೂಜೆ. ಚಂದ್ರಶೇಖರ ಕಂಪ್ಯೂಟರಿಗೆ ಕುಂಕುಮ ಇಡುತ್ತಿದ್ದುದನ್ನು ಫೆರ್ರಿಯ ಕ್ಯಾಪ್ಟನ್ ಪಾಡ್ರಿಕ್ ಕಂಡ.

"ಇದೇನಪ್ಪಾ?"

"ಇವತ್ತು ಯಂತ್ರಗಳಿಗೆ ಪೂಜೆ, ವಿಶ್ರಾಂತಿ."

"ನಮ್ಮ ಫೆರ್ರಿಗೂ ಮಾಡು ಮಾರಾಯ. ಎಷ್ಟೋ ವರ್ಷದಿಂದ ಬರೀ ಬೈಸ್ಕೊಂಡಿದೆ ಪಾಪ."

ಚಂದ್ರಶೇಖರ ತಮ್ಮ ಕಾರಿಗೆ ಮಾಡುವಂತೆಯೇ ಮಾಡಿದರು. ವಾಹನದ ಟೈರಿನ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ವಾಹನ ಮುಂದೆ ಹೋಗಿ ಹಣ್ಣು ಅಪ್ಪಚ್ಚಿಯಾದರೆ ಪೂಜೆ ಮುಗಿಯಿತು. ಫೆರ್ರಿಗೆ ಚಕ್ರವಿಲ್ಲ, ಆದರೆ ಹಡಗುಕಟ್ಟೆಯಾದ ಜೆಟ್ಟಿಗೆ ಬಡಿಯದಿರಲೆಂದು ಪಕ್ಕದಲ್ಲಿ ಹಳೇ ಟೈರು ತೂಗುಹಾಕಿರುತ್ತಾರೆ. ಟೈರು ಕಂಡದ್ದೇ ಕೈ ತಾನಾಗಿ ಅದರ ಕೆಳಗಿದ್ದ ಜೆಟ್ಟಿಯ ಮೆಟ್ಟಿಲ ಮೇಲೆ ನಿಂಬೆಹಣ್ಣು ಇಟ್ಟಿತು. ತೂಗುವ ಟೈರು ಉರುಳುವುದಿಲ್ಲ ಎಂಬುದು ಹೊಳೆಯಲಿಲ್ಲ.

ಕಚೇರಿಯ ಮ್ಯಾನೇಜರ್ ಗ್ರಾನ್ಯಾ ಹೊರಗೆ ಬಂದಳು. "ವಿಶ್ರಾಂತಿ ಯಾವಾಗ ಮುಗಿಯುತ್ತದೆ?"

"ನಿಂಬೆಹಣ್ಣು ಅಪ್ಪಚ್ಚಿ ಆದಾಗ."

"ಯಾರು ಮಾಡಬೇಕು?"

"ಗಾಡೀನೇ, ಮುಂದೆ ಹೋಗಿ."

"ಗ್ರ್ಯಾಂಡ್," ಎಂದು, ಅಂದರೆ ಅಲ್ಲಿಯವರ ಮಾತಿನಲ್ಲಿ ಸರಿ ಎಂದು, ಒಳಹೋದವಳು ಪ್ರಕಟಣೆ ಅಂಟಿಸಿದಳು:

"ಪ್ರಯಾಣಿಕರ ಗಮನಕ್ಕೆ. ನೌಕೆಯು ಧಾರ್ಮಿಕ ವಿಶ್ರಾಂತಿಯಲ್ಲಿರುತ್ತದೆ. ನಿಂಬೆಹಣ್ಣು ಅಪ್ಪಚ್ಚಿಯಾಗುವವರೆಗೆ ನೌಕೆಯು ಹೊರಡತಕ್ಕದ್ದಲ್ಲ. ನೌಕೆಯು ಹೊರಡುವವರೆಗೆ ನಿಂಬೆಹಣ್ಣು ಅಪ್ಪಚ್ಚಿಯಾಗತಕ್ಕದ್ದಲ್ಲ."

ಹೊರಡದ ಫೆರ್ರಿ ತಡವಾಗುವುದಿಲ್ಲ. ಹೊಸ ಸಾಫ್ಟ್‌ವೇರ್ ಅಂದು ವಿಳಂಬವೇ ಇಲ್ಲವೆಂದು ತೋರಿಸಿತು. ಗ್ರಾನ್ಯಾಳ ಕಣ್ಣು ಒದ್ದೆಯಾಯಿತು. ಮೇಲಧಿಕಾರಿಗಳು ಫೋನು ಮಾಡಿ ಶಹಬ್ಬಾಸ್ ಅಂದರು.

ಮರುದಿನ ಬೆಳಿಗ್ಗೆ ಕಾತ್ಯಾಯಿನಿಗೆ ಹೆರಿಗೆ ನೋವು ಶುರುವಾಯಿತು. ಸುದ್ದಿ ಕೇಳಿದ್ದೇ ಚಂದ್ರಶೇಖರ ಜೆಟ್ಟಿಗೆ ಓಡಿದರು.

"ಮೇಡಂ, ನಾನೇ ಕಾಲಲ್ಲಿ ತುಳಿದುಬಿಡ್ತೀನಿ!"

"ಕಾಲಲ್ಲಿ? ಅದು ನಿಮ್ಮ ಧರ್ಮಕ್ಕೆ ಅವಮಾನ. ನಮ್ಮ ಕಚೇರಿ ಸಹಿಸುವುದಿಲ್ಲ."

"ನನ್ನ ಧರ್ಮ ಅಲ್ವಾ? ನಾನೇ ಹೇಳ್ತಿದೀನಲ್ಲ!"

"ನೀವು ಅವಸರದಲ್ಲಿದ್ದೀರಿ. ಅವಸರದಲ್ಲಿರುವವರ ಅಭಿಪ್ರಾಯ ಪರಿಗಣಿಸುವಂತಿಲ್ಲ. ಪುರೋಹಿತರೊಬ್ಬರು ಬಂದು ಒಪ್ಪಲಿ."

"ಅವ್ರು ಹೇಗೆ ಬರ್ತಾರೆ?"

"ಫೆರ್ರಿಯಲ್ಲಿ."

ಅಷ್ಟರಲ್ಲಿ ಕಾತ್ಯಾಯಿನಿಯ ಫೋನು. "ಎಲ್ಲಿದೀರಿ?"

"ನಿಂಬೆಹಣ್ಣು ಅಡ್ಡ ಬಂದಿದೆ ಕಣೇ."

"ಬೇರೆ ಸುಳ್ಳು ಸಿಗ್ಲಿಲ್ವಾ ನಿಮಗೆ?"

ಪಾಡ್ರಿಕ್‌ಗೆ ಕನಿಕರವಾಯಿತು. ತನ್ನ ಸ್ವಂತ ಮೀನುದೋಣಿ ತೋರಿಸಿ, "ಇದಕ್ಕೆ ನೀನು ಪೂಜೆ ಮಾಡಿಲ್ಲ ತಾನೇ? ಹತ್ತು," ಎಂದ. ದೋಣಿ, ಬಸ್ಸು, ಟ್ಯಾಕ್ಸಿ ಎಲ್ಲ ಹತ್ತಿಳಿದು ಚಂದ್ರಶೇಖರ ಆಸ್ಪತ್ರೆ ಸೇರಿದರು. ಸ್ವಲ್ಪ ಹೊತ್ತಿನಲ್ಲೇ ಹೆಣ್ಣು ಮಗು ಹುಟ್ಟಿ ಅತ್ತಿತು. ಹಿಂದೆಯೇ ಗ್ರಾನ್ಯಾಳ ಫೋನೂ ಬಂತು.

"ನೀವು ದ್ವೀಪದಲ್ಲೇ ಇದ್ದೀರಿ. ನಿಮ್ಮ ಸಾಫ್ಟ್‌ವೇರೇ ಹೇಳುತ್ತಿದೆ."

"ಮೇಡಂ, ಮಗು ನನ್ನ ಕೈಯಲ್ಲಿದೆ!"

"ಅಭಿನಂದನೆಗಳು. ಆದರೆ ನೀವು ಬಂದಿದ್ದರೆ ಫೆರ್ರಿ ಹೊರಟಿದೆ ಎಂದಾಗುತ್ತದೆ. ಹೊರಟಿದ್ದರೆ, ತಡವಾಗಿ ಹೊರಟಿದೆ ಎಂದಾಗುತ್ತದೆ. ಆದ್ದರಿಂದ ನೀವು ಬಂದಿಲ್ಲ."

ಚಂದ್ರಶೇಖರ ಹೆದರುತ್ತಲೇ ಹೆಂಡತಿಗೆ ಹೇಳಿದರು. ಕಾತ್ಯಾಯಿನಿ ಯೋಚಿಸಿದರು. "ಅಂದ್ರೆ ನೀವಿನ್ನೂ ಡ್ಯೂಟೀಲಿದೀರಿ. ರಜೆ ಕೇಳೋ ಅಗತ್ಯಾನೇ ಇಲ್ಲ. ಸುಮ್ನೆ ಮಗು ತೂಗಿ."

ಈಗ ಆ ಫೆರ್ರಿಗೆ ಸಮಯಪಾಲನೆಯ ಪ್ರಶಸ್ತಿ ಬಂದಿದೆ. ದ್ವೀಪದವರು ಪಾಡ್ರಿಕ್‌ನ ಮೀನುದೋಣಿಯಲ್ಲಿ ಓಡಾಡುತ್ತ, ಫೆರ್ರಿಯನ್ನು ಹೊಗಳುತ್ತಾರೆ. ಅಕ್ಕಪಕ್ಕದ ದ್ವೀಪಗಳೂ ನಿಂಬೆಹಣ್ಣು ತರಿಸಿಕೊಂಡಿವೆ. ಚಂದ್ರಶೇಖರ ಮಾತ್ರ ನಿಯಮದ ಪ್ರಕಾರ ಇನ್ನೂ ಇನಿಷ್‌ಡೋರದಲ್ಲಿದ್ದಾರೆ. ಒಬ್ಬ ಮನುಷ್ಯ ಎರಡು ಕಡೆ ಹೇಗಿರಲು ಸಾಧ್ಯ ಎಂದು ನೀವು ಕೇಳಬಹುದು. ಅದನ್ನೂ ಬಿಡಿಸಿ ಹೇಳುತ್ತೇನೆ. ಮೊದಲನೆಯದಾಗಿ, ಕಚೇರಿಯ ದೃಷ್ಟಿಯಲ್ಲಿ ಇರುವುದು ಎಂದರೆ—

ತಡೆಯಿರಿ, ಗೋಡೆಯಾಚೆಯಿಂದ ಕಾತ್ಯಾಯಿನಿ ಕೂಗುತ್ತಿದ್ದಾರೆ. "ಸತ್ಯಪ್ರಕಾಶ್ ಅವ್ರೇ, ಬೇಗ ಬನ್ನಿ! ನಾಮಕರಣದ ಫೋಟೋ ಫೇಸ್‌ಬುಕ್‌ಗೆ ಹಾಕ್ಬೇಕು. ಅಪ್ಪನ ಜಾಗದಲ್ಲಿ ನೀವು ನಿಂತ್ಕೊಳ್ಳಿ. ಇವ್ರು ದ್ವೀಪದಲ್ಲಿದಾರಲ್ಲ, ಕಾಣಿಸ್ಕೋಬಾರ್ದು. ಕ್ಯಾಮೆರಾ ಇವ್ರೇ ಹಿಡೀತಾರೆ!"