ಡಂಪಿನ ಮೇಲೆ ಇಬ್ಬರು ಕನ್ನಡಿಗರು

ಒಂದೂರಲ್ಲಿ ನಿಂತವನಲ್ಲ ನಾನು. ಹೋದಲ್ಲೆಲ್ಲ ಏನಾದರೊಂದು ಫಜೀತಿ ನನಗಿಂತ ಮೊದಲೇ ಬಂದು ಕೂತಿರುತ್ತದೆ. ಗೋವಾದ ಡಿಚೋಲಿಯಲ್ಲಂತೂ ಅದು ಗುಡ್ಡದ ಮೇಲೇ ಕೂತಿತ್ತು.

೧. ಕೆಲಸ ಸಿಕ್ಕಿದ್ದು

ಗಣಿಯವರು ಬೇಡದ ಮಣ್ಣು ಸುರಿದು ಎಬ್ಬಿಸಿದ ಕೆಂಪು ಗುಡ್ಡಕ್ಕೆ ಅಲ್ಲಿ ಡಂಪ್ ಅನ್ನುತ್ತಾರೆ. ಅದರ ಮೇಲೆ ಮತ್ತೆ ಕಾಡು ಬರುತ್ತದೋ ಇಲ್ಲವೋ ನೋಡಲು ಮೈಸೂರು ಕಡೆಯ ಮೇಡಂ ಒಬ್ಬರು ಬಂದು ಇನ್ನೂರು ಸಸಿ ನೆಟ್ಟಿದ್ದರು. ಮಳೆಗಾಲ ಮುಗಿದಾಗ ಅರ್ಧವಾದರೂ ಬದುಕಿರಬೇಕು, ಇಲ್ಲದಿದ್ದರೆ ಅದರ ಮೇಲೇ ಮತ್ತೆ ಮಣ್ಣು ಸುರಿಯುತ್ತೇವೆ ಎಂದು ಗಣಿ ಸಾಹೇಬರು ಖಡಕ್ಕಾಗಿ ಹೇಳಿದ್ದರು.

ನಾನು ಟಿಪ್ಪರ್ ಕ್ಲೀನರ್ ಕೆಲಸ ಬಿಟ್ಟು ಚಹಾದಂಗಡಿ ಮುಂದೆ ಕೂತಿದ್ದೆ.

"ಎಷ್ಟು ಓದಿದ್ದೀರಿ?" ಅಂದರು ಮೇಡಂ.

"ಐದನೇತ್ತಾ ರೀ. ಮಾಸ್ತರು ಹೊರಗ ನಿಂದ್ರು ಅಂದ್ರು, ಇನ್ನೂ ಹೊರಗ ಅದೇನಿ."

ಮೇಡಂ ನಕ್ಕರು. "ಸದ್ಯ, ಕನ್ನಡದವರು ಸಿಕ್ಕಿದ್ರಲ್ಲ! ಇನ್ನು ಮಾತಿಗೆ ತೊಂದರೆಯಿಲ್ಲ."

ಪಾಪ, ಹಾಗೇ ತಿಳಿದಿದ್ದರು.

೨. ಚೀಲ

ಕಾಡುಬೆಕ್ಕು ಎಲ್ಲೋ ಹಣ್ಣು ತಿಂದು ಡಂಪಿನ ಮೇಲೆ ಹೇತು ಹೋದರೆ ಅದರೊಳಗಿನ ಬೀಜ ಮೊಳೆಯುತ್ತದಂತೆ. ಆ ಹಿಕ್ಕೆಯನ್ನು ಪೊಟ್ಟಣ ಕಟ್ಟಿ ಪಣಜಿಯ ಲ್ಯಾಬಿಗೆ ಒಯ್ಯುವುದು ನನ್ನ ಕೆಲಸ. ಬಸ್ಸಿನಲ್ಲಿ ನಮ್ಮ ಕಡೆಯ ಅಕ್ಕನೊಬ್ಬಳು ಚೀಲ ಮೂಸಿ ಕೇಳಿದಳು, "ಏನೈತೋ ತಮ್ಮಾ ಇದರಾಗ?"

ಹೇಳಿದೆ. ಸೆರಗು ಮೂಗಿಗೆ ಹೋಯಿತು.

"ಅದಕ್ಕ ಶಾಲಿ ಬಿಡಬಾರದು ನೋಡು!"

"ಅಲ್ಲಬೇ ಅಕ್ಕಾ, ಶಾಲಿ ಬಿಟ್ಟಾವ ಬರೇ ಹೊರತೇನಿ. ಇಪ್ಪತ್ತು ವರ್ಷ ಕಲತಾವ್ರು ಇದನ್ನ ಬಿಚ್ಚಿ ಕೆದರಿ ನೋಡ್ತಾರ!"

೩. ಹುಳ

ಡಂಪಿಗೆ ಯಾವ ಯಾವ ಹುಳ ವಾಪಸ್ ಬಂದಿದೆ ಎಂದು ಮೇಡಂ ಬಾಟ್ಲಿ ಹಿಡಿದು ಹುಡುಕುತ್ತಿದ್ದರು. ನಮ್ಮ ಕಡೆ ಹಾವಿನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ, ಹುಳ ಅನ್ನುತ್ತೇವೆ.

"ಮೇಡಂ, ನಿಮ್ಮ ಕಾಲ ಹತ್ರ ಹುಳ ಐತ್ರಿ!"

ಖುಷಿಯಿಂದ ಬಗ್ಗಿದರು. "ಎಲ್ಲಿ? ಕಾಲು ಎಷ್ಟಿವೆ ನೋಡಿ."

"ಕಾಲ ಇಲ್ರಿ!"

"ರೆಕ್ಕೆ?"

"ಇಲ್ರಿ, ಹೆಡಿ ಐತ್ರಿ!"

ಬಾಟ್ಲಿ ಒಂದು ಕಡೆ, ಮೇಡಂ ಒಂದು ಕಡೆ. ಕಾಲು ಉಳುಕಿತು. ಹಾವೂ ಹೆದರಿರಬೇಕು, ಆಮೇಲೆ ಆ ಕಡೆ ಸುಳಿಯಲಿಲ್ಲ.

೪. ಲೆಕ್ಕ

ಮಳೆಗಾಲ ಮುಗಿದು ಸಾಹೇಬರು ಲೆಕ್ಕಕ್ಕೆ ಬಂದ ದಿನ, ಉಳುಕಿದ ಕಾಲಲ್ಲಿ ಮೇಡಂಗೆ ಗುಡ್ಡ ಹತ್ತಲಾಗದು. ನನ್ನನ್ನು ಮೇಲೆ ಕಳಿಸಿ ಕೆಳಗಿನಿಂದ ಮೊಬೈಲ್ ಮಾಡಿದರು. ಪಕ್ಕದಲ್ಲೇ ಸಾಹೇಬರು, ಅವರ ಹಿಂದೆ ಮಣ್ಣು ತುಂಬಿದ ಟಿಪ್ಪರ್.

"ಗಿಡ ಎಷ್ಟು ಉಳಿದಿವೆ ಹೇಳಿ."

ಸುತ್ತ ನೋಡಿದೆ. ಗಣಿ ಎಲ್ಲ ತಿಂದಿತ್ತು. "ಎರಡ ಉಳದಾವ್ರಿ. ಅದರಾಗೂ ಒಂದು ಒಣಗಾಕತ್ತೈತಿ."

ಕೆಳಗೆ ಟಿಪ್ಪರ್ ಗುರುಗುಟ್ಟಿತು. ಸ್ವಲ್ಪ ಹೊತ್ತಿಗೆ ಮೇಡಂ ಕೋಲೂರಿ ಕುಂಟುತ್ತಾ, ಕಣ್ಣೊರೆಸುತ್ತಾ ಮೇಲೆ ಬಂದರು. ಹಿಂದೆ ಸಾಹೇಬರು. ಮೇಡಂ ಬಂದವರೇ ನನ್ನ ಕಾಲಬುಡ ನೋಡಿ ನಿಂತುಬಿಟ್ಟರು. ಮೊಳಕಾಲುದ್ದ ಹಸಿರು!

"ಇವೇನ್ರೀ ಇವು?"

"ಸಸಿ ರೀ."

"ಗಿಡ ಎರಡೇ ಅಂದ್ರಲ್ಲ!"

"ಹೌದಲ್ರಿ. ಅಲ್ಲೊಂದು ಗೇರು, ಅಲ್ಲೊಂದು ಮತ್ತಿ."

"ಅಯ್ಯೋ, ಅವು ಮರ ಕಣ್ರೀ!"

"ಎತ್ತರ ಬೆಳದದ್ದಕ್ಕ ನಮ್ಮ ಕಡೆ ಗಿಡ ಅಂತಾರ್ರಿ. ಮರದಾಗ ನಾವು ಜ್ವಾಳ ಕೇರತೀವಲ್ರಿ?"

ಸಾಹೇಬರೇ ಕೂತು ಎಣಿಸಿದರು. ನೂರಾ ನಲವತ್ತು. ಟಿಪ್ಪರ್ ತಿರುಗಿ ಹೋಯಿತು.

ಮೇಡಂ ಅಲ್ಲೇ ಕಲ್ಲಿನ ಮೇಲೆ ಕೂತು, ಅತ್ತು, ನಕ್ಕು, ಕೊನೆಗೆ ಕೈಮುಗಿದರು. "ನೋಡಿ, ನಾವಿಬ್ಬರೂ ಕನ್ನಡದವರು. ಇನ್ನು ಮುಂದೆ ಹಿಂದಿಯಲ್ಲೇ ಮಾತಾಡೋಣ."

"ಠೀಕ್ ಹೈ ರೀ," ಅಂದೆ.