ಒಣ ಅಕ್ಕ, ಹಸಿ ತಂಗಿ

ನಮ್ಮ ಅತ್ತೆಗೆ ಮೂವರು ಮಕ್ಕಳು. ಒಬ್ಬರನ್ನು ನಾನು ಮದುವೆಯಾಗಿದ್ದೇನೆ. ಉಳಿದ ಇಬ್ಬರು ವರಾಂಡದ ಗೋಡೆಗೆ ಮೊಳೆ ಹೊಡೆಸಿಕೊಂಡು ತೂಗುಬಿದ್ದಿದ್ದಾರೆ. ಮೂವರಲ್ಲಿ ಯಾರ ಮೇಲೆ ಹೆಚ್ಚು ಪ್ರೀತಿ ಎಂದು ಮಾತ್ರ ಕೇಳಬೇಡಿ. ನನ್ನ ಗಂಡನಿಗೆ ಬೇಜಾರಾಗುತ್ತದೆ!

ಗೋಡೆಯ ಮೇಲಿರುವವು ಎರಡು ಥರ್ಮಾಮೀಟರು. ಒಂದು ಬರಿಮೈಯದು. ಇನ್ನೊಂದರ ಬುಡಕ್ಕೆ ತೆಳು ಬಟ್ಟೆ ಸುತ್ತಿ, ಬಟ್ಟೆಯ ಬಾಲವನ್ನು ಹಳೆಯ ಇಂಕಿನ ಬಾಟಲಿಯ ನೀರಿನಲ್ಲಿ ಇಳಿಬಿಟ್ಟಿದ್ದಾರೆ. ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಅತ್ತೆ. ಇವಕ್ಕೆ ಇಟ್ಟ ಹೆಸರು ಒಣ ಅಕ್ಕ, ಹಸಿ ತಂಗಿ. ಬೆಳಿಗ್ಗೆ ಎಂಟು, ಹನ್ನೊಂದು, ಮಧ್ಯಾಹ್ನ ಎರಡು, ಸಂಜೆ ಐದು ಗಂಟೆಗೆ ಇಬ್ಬರನ್ನೂ ಮಾತಾಡಿಸಿ, ಅವರು ಹೇಳಿದ್ದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಸಿಲಿಂಡರ್ ಬಂದದ್ದು, ಕೆಲಸದವಳು ಬಾರದ್ದು ಎಂದು ನಾನು ಬರೆಯುವ ಅದೇ ಚೌಕದೊಳಗೆ! ನನಗೆ ಬೆಳಗಾಗುವುದೇ "ತಂಗಿಗೆ ನೀರ್ ಹಾಕಿದೇನವಾ?" ಎಂಬ ಪ್ರಶ್ನೆಯಿಂದ. ನಾನು ಚಹಾ ಕುಡಿದೆನೋ ಇಲ್ಲವೋ ಎಂದು ಕೇಳುವುದು ಆಮೇಲೆ.

ನಾವಿರುವುದು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ. ಪಕ್ಕದ ಮನೆಯ ತೆಲುಗು ಅಜ್ಜಿ ಮೊದಲ ಸಲ ಇದನ್ನು ನೋಡಿದಾಗ, ಗೋಡೆಗೇನು ಜ್ವರವೇ ಎಂದು ಗಾಬರಿಯಾಗಿ "ಗೋಡಕಿ ಜ್ವರಮಾ, ಟೀಚರಮ್ಮಾ?" ಅಂದಿದ್ದರು. ಅತ್ತೆ ನಗಲಿಲ್ಲ. "ಊರಿಗೇ ಬರತೈತ್ರಿ. ಮೊದ್ಲು ಗೋಡಿಗೆ ಗೊತ್ತಾಗ್ಲಿ ಅಂತ ಹಾಕೀನಿ" ಅಂದರು.

ಅತ್ತೆಯ ಪಾಠ ಹೀಗೆ: ಒದ್ದೆ ಬಟ್ಟೆ ಆರುವಾಗ ತಣ್ಣಗಾಗುತ್ತದೆ, ನಮ್ಮ ಬೆವರೂ ಹಾಗೆಯೇ. ಬಳ್ಳಾರಿಯ ಒಣ ಬಿಸಿಲಿನಲ್ಲಿ ಅಕ್ಕ ನಲವತ್ತೆರಡಕ್ಕೆ ಹತ್ತಿದರೂ ತಂಗಿ ಇಪ್ಪತ್ತಮೂರರಲ್ಲಿ ತಣ್ಣಗೆ ಕೂತಿರುತ್ತಾಳೆ. ಗಾಳಿಯಲ್ಲಿ ತೇವ ತುಂಬಿತೋ, ಬಟ್ಟೆ ಆರುವುದಿಲ್ಲ, ಬೆವರೂ ಆರುವುದಿಲ್ಲ, ತಂಗಿ ಮೇಲೇರುತ್ತಾಳೆ. "ಅಕ್ಕ ತಂಗಿ ದೂರ ಇದ್ರ ನಮಗ ಕ್ಷೇಮ. ಹತ್ರ ಬಂದು ಕುಂತ್ರಂದ್ರ ಯಾರನ್ನೋ ತಿನ್ನಾಕ ಮಾತಾಡಾಕತ್ತಾರ ಅಂತ ತಿಳ್ಕೊ." ಪ್ರವಾಹ, ಭೂಕಂಪಗಳ ಬಗ್ಗೆ ಅತ್ತೆಗೆ ಅಷ್ಟು ಭಯವಿಲ್ಲ. ಅವು ಗದ್ದಲ ಮಾಡುತ್ತಾ ಬರುತ್ತವಂತೆ. ಬಿಸಿಲು ಚಪ್ಪಲಿ ಹೊರಗೆ ಬಿಟ್ಟು ಸದ್ದಿಲ್ಲದೆ ಒಳಗೆ ಬರುತ್ತದಂತೆ!

ಇಷ್ಟೆಲ್ಲ ಯಾರಿಗಾಗಿ? ಸಿರುಗುಪ್ಪದ ಹತ್ತಿರ ಕರೂರಿನಲ್ಲಿ ಬೇಸಿಗೆ ಭತ್ತ ಬೆಳೆಯುವ, ಸುಡುಬಿಸಿಲಿನಲ್ಲಿ ತಲೆಗೊಂದು ಟವೆಲ್ ಸಹ ಸುತ್ತದ ಒಬ್ಬ ಮಗನಿಗಾಗಿ. ಆ ಮಗನೋ, ತಾಯಿಯ ಮೊದಲ ಶತ್ರು. "ನಾವು ಬಳ್ಳಾರಿ ಮಂದಿ ಬೇ. ಬಿಸಲು ನಮ್ಮ ಬೀಗರಿದ್ದಂಗ, ದಿನಾ ಬರತೈತಿ, ಉಂಡು ಹೋಗತೈತಿ."

"ಬೀಗರು ಒಮ್ಮೊಮ್ಮೆ ಮನಿಯವರನ್ನೂ ಕರ್ಕೊಂಡು ಹೋಗ್ತಾರಲೇ!"

ಅತ್ತೆ ಎಲ್ಲಿಗೆ ಹೋದರೂ ಚೀಲದಲ್ಲಿ ಇನ್ನೊಂದು ಜೋಡಿ ಇರುತ್ತದೆ. ಕುರುಗೋಡಿನಲ್ಲಿ ಬಳಗದ ಹುಡುಗಿಯ ಮದುವೆ, ನಡುಮಧ್ಯಾಹ್ನದ ಮುಹೂರ್ತ. ಅತ್ತೆ ಸೀದಾ ಹೋಗಿ ಚಪ್ಪರದ ಕಂಬಕ್ಕೆ ಥರ್ಮಾಮೀಟರು ಕಟ್ಟಿದರು. ಗಂಡಿನ ಕಡೆಯ ಹಿರಿಯರೊಬ್ಬರು ನನ್ನನ್ನು ಮೂಲೆಗೆ ಕರೆದು, "ಹುಡುಗಿಗೆ ಏನರ ಜ್ವರ ಬಂದು ಹೋಗಿ ಮಾಡತಾವೇನ್ರಿ? ಖರೇ ಹೇಳ್ರಿ, ಮನಸಿನ್ಯಾಗ ಏನೂ ಇಟ್ಕೊಳ್ಳಲ್ಲ" ಅಂದರು. ಆ ಮದುವೆ ಉಳಿಸಲು ನಾನು ಪಟ್ಟ ಪಾಡು!

ಆ ಎರಡನೇ ಜೋಡಿ ಕೊನೆಗೆ ಕರೂರು ಸೇರಿತು, ನಮ್ಮ ಕಣದ ಬೇವಿನ ಮರಕ್ಕೆ. ಅಲ್ಲಿ ಸುತ್ತಲೂ ನೀರು ನಿಂತ ಗದ್ದೆ, ಗಾಳಿಯ ಗುಣವೇ ಬೇರೆ ಎಂಬುದು ಅತ್ತೆಯ ವಾದ. ನೋಡಿಕೊಳ್ಳುವವಳು ಹುಲಿಗೆಮ್ಮ, ನಮ್ಮಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳ ಮುಖಂಡೆ. ದಿನಾ ಹನ್ನೊಂದಕ್ಕೆ ಮೊಬೈಲಿನಲ್ಲಿ ಫೋಟೋ ಕಳಿಸುವುದು ಅವಳ ಕೆಲಸ. ಮೊದಲ ವಾರ ಸರಿಯಾಗಿ ಬಂತು. ಎರಡನೇ ವಾರದಲ್ಲಿ ಒಂದು ದಿನ ತಂಗಿ ಇದ್ದಕ್ಕಿದ್ದಂತೆ ಅಕ್ಕನ ಸಮಕ್ಕೆ ಬಂದು ನಿಂತಿದ್ದಾಳೆ! ಅತ್ತೆ ಬೆವರಿ ಫೋಟೋ ದೊಡ್ಡದು ಮಾಡಿ ನೋಡಿದರೆ, ಇಬ್ಬರಿಗೂ ಅರಿಶಿನ, ಕುಂಕುಮ, ಮಲ್ಲಿಗೆ ದಂಡೆ. ಬಾಟಲಿಯಲ್ಲಿ ನೀರಿನ ಬದಲು ಹಾಲು!

"ಅಮಾಸಿ ಇತ್ರಿ ಟೀಚರಮ್ಮ. ಅಕ್ಕ ತಂಗಿ ಅಂದ್ರಿ. ಬರೇ ನೀರ್ ಇಡಾಕ ಮನಸಾಗ್ಲಿಲ್ರಿ."

"ಹಾಲು ಹೆಪ್ಪುಗಟ್ಟಿ ಬಟ್ಟಿ ಬಿರುಸಾಗಿ ಒಣಗೈತವಾ! ತಂಗಿ ಸುಳ್ಳು ಹೇಳಾಕತ್ತಾಳ!"

"ದೇವ್ರು ಸುಳ್ಳು ಹೇಳ್ತಾವೇನ್ರಿ?"

ಮರುದಿನ ಅತ್ತೆ ಬಸ್ಸು ಹತ್ತಿ ಕರೂರಿಗೇ ಹೋಗಿ, ಬೇವಿನ ನೆರಳಿನಲ್ಲಿ ಅಷ್ಟೂ ಹೆಂಗಸರನ್ನು ಕೂಡಿಸಿ ಪಾಠ ಮಾಡಿದರು. ತಂಗಿ ಮೂವತ್ತರ ಗೆರೆ ಮುಟ್ಟಿದರೆ ಕೆಲಸ ಬಿಟ್ಟು ನೆರಳಿಗೆ ಬರಬೇಕು. ಯಾರಾದರೂ ಬಿಸಿಲಿನಲ್ಲಿ ಏನೇನೋ ಮಾತಾಡತೊಡಗಿದರೆ ವಾದಕ್ಕೆ ಇಳಿಯದೆ ಮೈಮೇಲೆ ನೀರು ಸುರಿಯಬೇಕು. "ಗಂಡಸರಾದ್ರೂ ಸುರೀಬೇಕೇನ್ರಿ?" ಎಂದು ಯಾರೋ ಕೇಳಿದರು. "ಗಂಡಸರಿಗೆ ಮೊದ್ಲು ಸುರೀರಿ" ಎಂದರು ಅತ್ತೆ.

ಕಳೆದ ಬೇಸಿಗೆಯ ಕೊನೆಗೆ, ಕೊಯ್ಲು ಮುಗಿದು ಭತ್ತವೆಲ್ಲ ಕಣದಲ್ಲಿದ್ದಾಗ, ಸಂಜೆ ಒಂದು ಜೋರು ಮಳೆ ಹೊಡೆಯಿತು. ತಾಡಪಾಲಿನ ಕೆಳಗೂ ನೀರು ನುಗ್ಗಿ ಕಾಳು ನೆನೆಯಿತು. ಬೆಳಿಗ್ಗೆ ಬಿಸಿಲು ಬಂದದ್ದೇ ತಡ, ಮೊಳಕೆಯೊಡೆಯುವ ಮೊದಲು ಹರವಿ ಒಣಗಿಸಬೇಕೆಂದು ನಮ್ಮ ಮನೆಯವರು ಕರೂರಿಗೆ ಓಡಿದರು. ಹೋಗುವಾಗ ಗೋಡೆಯತ್ತ ನೋಡಿ ನಕ್ಕರು ಬೇರೆ. "ಇವತ್ತು ಫೋನಿನ್ಯಾಗ ಮೂವತ್ತೇಳು ತೋರ್ಸಾಕತ್ತೈತಿ ಬೇ. ನಿನ್ನ ಹುಡುಗ್ಯಾರಿಗೆ ರಜಾ ಕೊಡು!"

ಹನ್ನೊಂದಕ್ಕೆ ಹುಲಿಗೆಮ್ಮನ ಫೋಟೋ ಬಂತು. ಅಕ್ಕ ಮೂವತ್ತೇಳು. ತಂಗಿ ಮೂವತ್ತು. ಬಾಟಲಿಯಲ್ಲಿ ತಿಳಿನೀರು.

ಅತ್ತೆ ಮಗನಿಗೆ ಫೋನು ಮಾಡಿದರು. "ನೆಳ್ಳಿಗೆ ಬಾರಲೇ. ಇಬ್ಬರೂ ಕೂಡಿ ಕುಂತಾರ."

"ಅವರು ಕುಂದ್ರಲಿ ಬಿಡ. ನಾ ಕುಂತ್ರ ಭತ್ತ ಮೊಳಿತೈತಿ" ಎಂದು ಇವರು ಇಟ್ಟೇಬಿಟ್ಟರು.

ಮುಂದಿನ ಕರೆ ಹುಲಿಗೆಮ್ಮನಿಗೆ. ಮರುಕ್ಷಣವೇ ಹೆಂಗಸರೆಲ್ಲ ಕೆಲಸ ಬಿಟ್ಟು ಬೇವಿನ ಕೆಳಗೆ ಸೇರಿದರಂತೆ. ಇವರು ಕೂಗಾಡಿದರು. "ತಂಗಿ ಹೇಳ್ಯಾಳ್ರೀ ಸಾವ್ಕಾರ್ರ" ಎಂದು ಹುಲಿಗೆಮ್ಮ ಎಲೆಯಡಿಕೆ ತೆಗೆದಳು. ಹಟಕ್ಕೆ ಬಿದ್ದ ಇವರು ತಾವೊಬ್ಬರೇ ಉದ್ದ ಹಿಡಿಯ, ಹಲ್ಲುಹಲ್ಲಿನ ಹಲುಬೆ ಹಿಡಿದು ಭತ್ತ ಎಳೆದು ಹರವತೊಡಗಿದರು. ಅರ್ಧ ಗಂಟೆಯಾಗಿರಬೇಕು. ಹುಲಿಗೆಮ್ಮನ ಕಡೆ ತಿರುಗಿ, ನನ್ನ ಹೆಸರು ಹಿಡಿದು ಕರೆದು, "ಎರಡು ರೊಟ್ಟಿ ಹಾಕ, ಬಸ್ಸಿಗೆ ಹೊತ್ತಾತು" ಅಂದರಂತೆ.

ಬೇರೆ ಯಾರಾದರೂ ನಗುತ್ತಿದ್ದರು. ಹುಲಿಗೆಮ್ಮ ನಗಲಿಲ್ಲ, ಏನೆಂದು ಕೇಳಲೂ ಇಲ್ಲ. ಕುಡಿಯುವ ನೀರಿನ ಬಿಂದಿಗೆ ಎತ್ತಿ ತಲೆಯ ಮೇಲೆ ಸುರಿದೇಬಿಟ್ಟಳು. ಇವರು ಕುಸಿದರು. ನಾಲ್ವರು ಹೊತ್ತು ನೆರಳಿಗೆ ತಂದು, ಅಂಗಿ ಬಿಚ್ಚಿ, ಇದ್ದಬದ್ದ ನೀರೆಲ್ಲ ಸುರಿದು, ಸೆರಗಿನಲ್ಲಿ ಗಾಳಿ ಬೀಸುತ್ತಾ ಆಂಬುಲೆನ್ಸು ಕರೆದರು. ಸಿರುಗುಪ್ಪದ ಆಸ್ಪತ್ರೆಗೆ ನಾವು ಮುಟ್ಟುವ ಹೊತ್ತಿಗೆ ಇವರಿಗೆ ಪ್ರಜ್ಞೆ ಮರಳಿತ್ತು. ನೀರು ಬೀಳುವುದು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಹುಲಿಗೆಮ್ಮ ಹೊರಗೆ ಗೋಡೆಗೊರಗಿ ನಿಂತಿದ್ದಳು, ಸೀರೆ ಇನ್ನೂ ಒದ್ದೆ. ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಅವಳೇ ಅಂದಳು, "ಬೈಬ್ಯಾಡ್ರಿ ಅಕ್ಕಾರ. ವಾದ ಹಾಕಬ್ಯಾಡ, ಸುರಿ ಅಂದಿದ್ರು ಟೀಚರಮ್ಮ. ಸುರದೆ."

ಭತ್ತವನ್ನೂ ಆ ಹೆಂಗಸರೇ ಉಳಿಸಿದರು, ಎರಡು ದಿನ ನಸುಕಿನಲ್ಲಿ, ಸಂಜೆಯಲ್ಲಿ ಕೈಯಾಡಿಸಿ. ಒಂದಿಷ್ಟು ಮೊಳಕೆ ಬಂತು, ಹೋಗಲಿ.

ಮನೆಗೆ ಬಂದ ಮೇಲೆ ಅತ್ತೆ ಒಂದು ದೊಡ್ಡ ಭಾಷಣ ಮಾಡುತ್ತಾರೆಂದು ನಾನು ಕಾದಿದ್ದೆ. ಅವರು ಅಕ್ಕಿಯ ಮೊರ ಹಿಡಿದು ಕೂತರು! ಇವರೇ ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ನಿಂತಿದ್ದರು. ವರ್ಷಗಟ್ಟಲೆ ಒಂದು ಹೊತ್ತೂ ತಪ್ಪದೆ ತುಂಬಿದ ಚೌಕಗಳ ನಡುವೆ ಆ ದಿನದ್ದು ಹನ್ನೊಂದು ಗಂಟೆಗೇ ನಿಂತಿತ್ತು.

"ಅವ್ವಾ, ಅವತ್ತು ಎರಡು ಗಂಟೇದು ಬರ್ದಿಲ್ಲಲ್ಲ?"

"ಚಾಳೀಸು ಸಿಗಲಿಲ್ಲಪಾ" ಅಂದರು ಅತ್ತೆ, ಅಕ್ಕಿ ಆರಿಸುತ್ತಾ, ತಲೆ ಎತ್ತದೆ.

ಆಸ್ಪತ್ರೆಗೆ ಓಡಿದ ಆ ದಿನವಿಡೀ ನಾನು ಅವರ ಪಕ್ಕದಲ್ಲೇ ಇದ್ದೆ. ಆ ಕನ್ನಡಕ ಅವರ ಮೂಗಿನ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ಎಂದಿನಂತೆ ಪ್ರಶ್ನೆ ಬಂತು: "ತಂಗಿಗೆ ನೀರ್ ಹಾಕಿದೇನವಾ?" ತಂಬಿಗೆ ಹಿಡಿದು ವರಾಂಡಕ್ಕೆ ಹೋದೆ. ಇಂಕಿನ ಬಾಟಲಿ ಕಂಠದವರೆಗೆ ತುಂಬಿತ್ತು. ಕೆಳಗೆ ನೆಲದ ಮೇಲೆ ನೀರು ಚೆಲ್ಲಿತ್ತು, ಹೊಸಬರು ಹಾಕಿದಾಗ ಚೆಲ್ಲುವಂತೆ. ಗೇಟಿನ ಆಚೆ ಇವರು ಕರೂರಿನ ಬಸ್ಸಿಗೆ ಹೊರಟಿದ್ದರು, ತಲೆಗೆ ದೊಡ್ಡ ಒದ್ದೆ ಟವೆಲ್ ಸುತ್ತಿಕೊಂಡು.

"ಹಾಕೈತ್ರಿ, ಅತ್ತೀ" ಎಂದೆ. ಯಾರು ಹಾಕಿದ್ದೆಂದು ಅವರು ಕೇಳಲಿಲ್ಲ.