ಹೊರಗೆ ಬೀಗ, ಒಳಗೆ ಗಂಜಿ

ಬಸವಕಲ್ಯಾಣದ ಪೇಟೆಯಲ್ಲಿ ಭಾಂಡೆ-ಪಾತ್ರೆಗಳ ಅಂಗಡಿ ನಡೆಸಿ, ದಿನವಿಡೀ ಚೌಕಾಸಿ ಗಿರಾಕಿಗಳನ್ನು ಸಂಭಾಳಿಸುವ ನನಗೆ ಹೆಂಡತಿಯ ಒಂದು ಜ್ವರ ಯಾವ ಲೆಕ್ಕ? ಹೀಗೆಂದು ಡಾಕ್ಟರರ ಎದುರಿಗೇ ಹೇಳಿಬಿಟ್ಟೆ. ಬೆಳಗಿನಿಂದ ಸುವರ್ಣಾಳ ಮೈ ಸುಡುತ್ತಿತ್ತು, ಕುಡಿದ ನೀರೂ ವಾಂತಿಯಾಗುತ್ತಿತ್ತು. ಡಾಕ್ಟರು ಗುಳಿಗೆ ಕೊಟ್ಟು, "ಓಆರ್‌ಎಸ್ ಗುಟುಕು ಗುಟುಕು ಕುಡಸ್ರಿ. ವಾಂತಿ ನಿಂತ ಮ್ಯಾಲ ತೆಳ್ಳನ ಗಂಜಿ ಕೊಡ್ರಿ. ಮಂದಿ ಗದ್ದಲ ಬ್ಯಾಡ, ನಿದ್ದಿ ಮಾಡ್ಲಿ. ಸಂಜಿತನ ಹೊಟ್ಟ್ಯಾಗ ಏನೂ ನಿಲ್ಲಲಿಲ್ಲಂದ್ರ ಕರಕೊಂಡು ಬರ್ರಿ, ಸಲೈನ್ ಹಚ್ಚೋಣ" ಎಂದರು.

ಸಲೈನ್ ಎಂದದ್ದೇ ಸುವರ್ಣಾ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಸೂಜಿ ಕಂಡರೆ ಅವಳಿಗೆ ಜೀವವೇ ಹೋದಂತಾಗುತ್ತದೆ. "ಹ್ಯಾಂಗಾರೆ ಮಾಡಿ ಸೂಜಿ ತಪ್ಪಸ್ರೀ" ಎಂದಳು. ನಾನು ಎದೆ ತಟ್ಟಿಕೊಂಡು, "ನಾ ಇದ್ದೀನಲ್ಲ!" ಎಂದು ಭರವಸೆಯಿತ್ತೆ. ಅವಳ ಮುಖ ಇನ್ನಷ್ಟು ಬಾಡಿತು.

ಮನೆಗೆ ಬಂದು ಓಆರ್‌ಎಸ್ ಕಲಸುವ ಮಹತ್ಕಾರ್ಯಕ್ಕೆ ಕೈಹಾಕಿದೆ. ಪಾಕೀಟಿನ ಮೇಲೆ ಒಂದು ಲೀಟರು ನೀರು ಎಂದು ಬರೆದಿತ್ತು. ಅಷ್ಟು ನೀರಿಗೆ ಇಷ್ಟೇ ಪುಡಿಯಾದರೆ ಶಕ್ತಿ ಎಲ್ಲಿಂದ ಬರಬೇಕು? ಇಡೀ ಪಾಕೀಟನ್ನು ಒಂದೇ ಗ್ಲಾಸಿಗೆ ಸುರಿದೆ! ಸುವರ್ಣಾ ನಾಲಿಗೆಗೆ ತಾಗಿಸಿದ್ದೇ ಮುಖ ಕಿವುಚಿದಳು.

"ನನ್ನನ್ನ ಉಪ್ಪಿನಕಾಯಿ ಹಾಕಾಕತ್ತೀರೇನ್ರಿ? ಆ ಪಾಕೀಟ ಇತ್ಲಾಗ ತರ್ರಿ!"

ಮಲಗಿದಲ್ಲಿಂದಲೇ ಅದನ್ನು ಓದಿ, ಗ್ಲಾಸು ಚೆಲ್ಲಿಸಿ, ಹೊಸ ಪಾಕೀಟು ಒಡೆಸಿ, ಲೀಟರು ನೀರು ಅಳೆಸಿ ಬೇರೆ ಮಾಡಿಸಿದಳು. ಭಾಂಡೆ ಅಂಗಡಿಯವನಿಗೆ ಲೀಟರಿನ ಪಾಠ!

ಅಷ್ಟರಲ್ಲಿ ಓಣಿಗೆಲ್ಲ ಸುದ್ದಿ ಹಬ್ಬಿತು. ನಮ್ಮಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮಾತಾಡಿಸಲು ಬರದವರು ಮನುಷ್ಯರೇ ಅಲ್ಲ. ಬಂದವರಿಗೆ ಚಹಾ ಕೊಡದವರೂ ಮನುಷ್ಯರಲ್ಲ! ಒಬ್ಬೊಬ್ಬರೂ ಬಾಳೆಹಣ್ಣು ಹಿಡಿದು ಬಂದು "ಏನಾತವ್ವಾ?" ಎನ್ನುವರು, ಸುವರ್ಣಾ ವಾಂತಿಪುರಾಣವನ್ನು ಮೊದಲಿನಿಂದ ಹೇಳಬೇಕು, ನಾನು ಒಳಗೆ ಚಹಾ ಕುದಿಸಬೇಕು. ಆ ಶುಂಠಿ ಚಹಾದ ವಾಸನೆ ಬಡಿದದ್ದೇ ಅವಳು ಬಚ್ಚಲಿಗೆ ಓಡುವಳು. ಕುಡಿಸಿದ ಓಆರ್‌ಎಸ್ಸೆಲ್ಲ ಮೋರಿಯ ಪಾಲು. ಮಧ್ಯಾಹ್ನ ಕಳೆಯುತ್ತ ಬಂತು, ಸೂಜಿ ಹತ್ತಿರವಾಗತೊಡಗಿತು.

ಆಗ ಹೊಳೆಯಿತು ನೋಡಿ ಬುದ್ಧಿ! ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಹಿತ್ತಿಲ ಬಾಗಿಲಿನಿಂದ ಒಳಗೆ ಸೇರಿಕೊಳ್ಳುವುದು. ಬೀಗ ಹಾಕುತ್ತಿರುವಾಗಲೇ ಪಕ್ಕದ ಮನೆಯ ರಜಿಯಾ ಚಾಚಿ ಇನ್ನೊಮ್ಮೆ ನೋಡಿ ಹೋಗಲು ಬಂದರು.

"ಅರೆ ಬೇಟಾ, ಬೀಗ ಯಾಕ? ಸುವರ್ಣಾ ಎಲ್ಲಿ?"

"ಹುಮನಾಬಾದಿಗೆ ಹೋದಳ್ರೀ ಚಾಚಿ, ತವರಮನಿಗೆ. ಈಗ ಬಸ್ ಹತ್ತಿಸಿ ಬಂದೆ."

"ಒಬ್ಬಾಕಿನ್ನ? ಇಂಥಾ ಬುಖಾರ್‌ದಾಗ?"

"ಆರಾಮ ಹೋಗ್ತಾಳ ತಗೋರಿ!"

ಚಾಚಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾ ಅಲ್ಲಾ" ಎಂದು ಹೊರಟುಹೋದರು. ನನ್ನನ್ನು ಮೆಚ್ಚಿಕೊಂಡರು ಎಂದೇ ತಿಳಿದೆ.

ಒಳಗೆ ಬಂದು ಇಬ್ಬರ ಮೊಬೈಲಿನ ಬಾಯಿಯನ್ನೂ ಮುಚ್ಚಿಸಿದೆ. ಸುವರ್ಣಾಗೆ ನಿದ್ದೆ ಹತ್ತಿತು. ಎಚ್ಚರವಾದಾಗಲೆಲ್ಲ ಚಮಚದಿಂದ ಓಆರ್‌ಎಸ್ ಕುಡಿಸಿದೆ. ಹೊಟ್ಟೆಯಲ್ಲಿ ನಿಂತಿತು! ಹಣೆ ಮುಟ್ಟಿದೆ. ಬೆವೆತಿತ್ತು! ಆನಂದಕ್ಕೆ ನನ್ನ ಕಣ್ಣಲ್ಲೇ ನೀರು ಬಂತು. ಆ ಹುರುಪಿನಲ್ಲೇ ಗಂಜಿಗಿಟ್ಟೆ.

ನಾನು ಇತ್ತ ಅಕ್ಕಿ ತೊಳೆಯುವಾಗ ಅತ್ತ ಚಾಚಿ ಹುಮನಾಬಾದಿನ ನಮ್ಮ ಅತ್ತೆಗೆ ಫೋನು ಹಚ್ಚಿ, "ಮಗಳು ಊರು ಮುಟ್ಟಿದಳಾ?" ಎಂದು ಕೇಳಿದ್ದರು. ಅತ್ತೆ ಗಾಬರಿಯಾಗಿ ನಮ್ಮಿಬ್ಬರಿಗೂ ಫೋನು ಮಾಡಿದರು, ಎತ್ತುವವರಿಲ್ಲ. ಜ್ವರದ ಮಗಳು ದಾರಿಯಲ್ಲೇ ಎಲ್ಲೋ ಕಳೆದುಹೋದಳೆಂದು, ಊರ ಪಕ್ಕದ ಮಾಣಿಕನಗರದ ಬಂಧುಬಳಗವನ್ನೆಲ್ಲ ಒಂದು ಜೀಪಿಗೆ ತುಂಬಿ, ಸಿಕ್ಕ ಸಿಕ್ಕ ಬಸ್ ಸ್ಟಾಪಿನಲ್ಲಿ ಇಳಿದು ಹುಡುಕುತ್ತ ನಮ್ಮ ಓಣಿಗೇ ಬಂದು ನಿಂತರು. ಬಾಗಿಲಿಗೆ ಬೀಗ! ಒಳಗೆ ಪಾತ್ರೆಯ ಸದ್ದು!

"ಕಳ್ಳ ಹೊಕ್ಕಾನ! ಕಲ್ಲು ತರ್ರಿ, ಬೀಗ ಒಡೀರಿ!" ಅತ್ತೆಯ ದನಿ ಕೇಳಿ ನಾನು ಸೌಟಿನ ಸಮೇತ ಹಿತ್ತಿಲಿನಿಂದ ಸುತ್ತಿ ಓಡಿ ಬಂದೆ. ಯಾರೋ ನನ್ನ ಬನಿಯನ್ ಹಿಡಿದರು.

"ಅತ್ತಿ, ನಾನ್ರೀ!"

"ನನ್ನ ಮಗಳು ಎಲ್ರೀ ಅಳಿಯಂದ್ರೇ?"

"ಒಳಗ ಮಲಗ್ಯಾಳ್ರೀ."

"ಬೀಗ ಹಾಕೀ?"

"ಬಸ್ ಹತ್ತಿಸಿ ಬಂದೆ ಅಂದಿದ್ದೆಲ್ಲೋ!" ಚಾಚಿ ಹಣೆ ಬಡಿದುಕೊಂಡರು.

ಬೀಗ ತೆಗೆಯಲು ಹೋದೆ. ಗಾಬರಿಯಲ್ಲಿ ಕೀಲಿಕೈ ಸಿಗಲಿಲ್ಲ. ಇಡೀ ಹುಮನಾಬಾದು ನಮ್ಮ ಹಿತ್ತಿಲ ಬಚ್ಚಲ ಸಂದಿಯಿಂದ ಒಬ್ಬರ ಹಿಂದೊಬ್ಬರಂತೆ ಒಳಗೆ ನುಗ್ಗಿತು. ಯಾವ ಗದ್ದಲ ಬೇಡವೆಂದು ಬೀಗ ಹಾಕಿದೆನೋ ಅದನ್ನು ಜೀಪು ಮಾಡಿ ಕರೆಸಿಕೊಂಡಂತಾಯಿತು. ಸುವರ್ಣಾ ಎದ್ದು ಕೂತಳು. ಎಲ್ಲರನ್ನೂ ನೋಡಿದಳು. ಈಗ ಮತ್ತೆ ವಾಂತಿಯೇ ಎಂದು ನಾನು ಬಕೆಟ್ಟಿಗೆ ಕೈಹಾಕಿದೆ.

"ಅವ್ವಾ, ಹಸಿವ್ಯಾಗ್ಯಾದ" ಎಂದಳು.

ಬಂದವರ ಬಾಳೆಹಣ್ಣು ಬಿಟ್ಟರೆ ಮನೆಯಲ್ಲಿ ಇದ್ದದ್ದು ನನ್ನ ಗಂಜಿ ಮಾತ್ರ. ಈ ಗಲಾಟೆಯಲ್ಲಿ ಅದರ ತಳ ಹೊತ್ತಿತ್ತು, ಉಪ್ಪು ಮರೆತೇ ಹೋಗಿತ್ತು. ಅತ್ತೆ ಮೂಸಿ ನೋಡಿ ಸೆರಗನ್ನು ಮೂಗಿಗೆ ಒತ್ತಿಕೊಂಡರು. "ಇದನ್ನ ಕೊಡಬ್ಯಾಡೋ ಬೇಟಾ" ಎಂದು ಚಾಚಿ ಬೇಡಿಕೊಂಡರು. ಸುವರ್ಣಾ ಕೈ ಚಾಚಿದಳು, ಕಣ್ಣು ಮುಚ್ಚಿದಳು, ನಿಧಾನವಾಗಿ ಅರ್ಧ ಬಟ್ಟಲು ಕುಡಿದಳು. ಬಂಧುಬಳಗವೆಲ್ಲ ಉಸಿರು ಬಿಗಿಹಿಡಿದು ಅವಳ ಗಂಟಲನ್ನೇ ನೋಡುತ್ತ ಕೂತಿತು. ಹೊರಗೆ ದೀಪ ಹಚ್ಚುವ ಹೊತ್ತಾಯಿತು. ಗಂಜಿ ಹೊರಗೆ ಬರಲಿಲ್ಲ!

ಡಾಕ್ಟರರಿಗೆ ಫೋನು ಮಾಡಿದೆ. "ನಿಂತದಲ್ಲ? ಹಾಂಗಾದ್ರ ಸಲೈನ್ ಬ್ಯಾಡ ಬಿಡ್ರಿ" ಎಂದರು. ಗೆದ್ದೆ! ಸೌಟನ್ನು ಎತ್ತಿ ಹಿಡಿದು ಸಭೆಯನ್ನುದ್ದೇಶಿಸಿ, "ನೋಡಿದ್ರ್ಯಾ ಅತ್ತಿ, ನನ್ನ ಕೈಗುಣ? ಗಂಜಿ ಅಲ್ರೀ ಅದು, ಅಮೃತ!" ಎಂದೆ.

ಸುವರ್ಣಾ ಬಟ್ಟಲು ಬದಿಗಿಟ್ಟು ತಾಯಿಯ ಕಡೆ ತಿರುಗಿದಳು.

"ಅವ್ವಾ, ಇನ್ನ ನೀ ಅಂಜಬ್ಯಾಡ. ಇದು ಹೊಟ್ಟ್ಯಾಗ ನಿಂತದ ಅಂದಮ್ಯಾಲ ನನಗ ಕಲ್ಲು ತಿಂದ್ರೂ ಅರಗ್ತದ!"